ಹತ್ತಿರದ ಆಸ್ಪತ್ರಿ ಯಾವುದು ಅಂತ ಹೇಳಿ ಫೋನ್ ಇಡ್ರಿ

ಹುಮನಾಬಾದಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಬಾಗಿಲು ತೆರೆದಿರುವ ಮೆಡಿಕಲ್‌ಗಳು ಬೆರಳೆಣಿಕೆಯಷ್ಟು. ನನ್ನದು ಅದರಲ್ಲೊಂದು. ಆ ಹೊತ್ತಿನಲ್ಲಿ ಚೀಟಿ ಹಿಡಿದು ಬರುವವರಿಗಿಂತ ಬರಿಗೈಲಿ ಬಂದು ರೋಗ ಹೇಳುವವರೇ ಹೆಚ್ಚು. “ಅಣ್ಣಾ, ಸಂಜಿಯಿಂದ ಹೊಟ್ಟಿ ಕಡೀಲತ್ತದ, ಒಂದು ಡೋಸ್ ಕಟ್ಟಿ ಕೊಡ್ರಿ.” ನಮ್ಮ ಕಡೆ ಡೋಸ್ ಅಂದರೆ ನಾಲ್ಕು ಬಣ್ಣದ ನಾಲ್ಕು ಗುಳಿಗೆ, ಮೇಲೊಂದು ಕಾಗದದ ಪೊಟ್ಟಣ. ಯಾವುದು ಯಾತಕ್ಕೆ ಎಂದು ತಿಂದವನಿಗಂತೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಕಟ್ಟಿಕೊಟ್ಟವನಿಗೂ ಗೊತ್ತಿರುವುದಿಲ್ಲ. ನಾನು ಡಿ.ಫಾರ್ಮಾ ಓದಿದವನು. ಔಷಧಿ ಗೊತ್ತು, ರೋಗ ಹೇಳುವುದು ನನ್ನ ಕೆಲಸವಲ್ಲ. ಕೌಂಟರಿನ ಆಚೆ ನಿಂತವರಿಗೆ ಈ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು? ಅದಕ್ಕೇ ಗಾಜಿನ ಕೆಳಗೆ ದಪ್ಪ ಅಕ್ಷರದಲ್ಲಿ 104 ಎಂದು ಬರೆದಿಟ್ಟಿದ್ದೇನೆ.

108 ಎಲ್ಲರಿಗೂ ಗೊತ್ತು. 2008ರ ರಾಜ್ಯೋತ್ಸವದ ದಿನ ಶುರುವಾದ ಆರೋಗ್ಯ ಕವಚದ ಗಾಡಿ ನೋಡದ ಊರು ನಮ್ಮ ಜಿಲ್ಲೆಯಲ್ಲಿಲ್ಲ. ಅದರ ತಂಗಿಯಂತಿರುವ 104 ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅದಕ್ಕೆ ಗಾಡಿಯಿಲ್ಲ, ಸೈರನ್ ಇಲ್ಲ. 2013ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ಇಟ್ಟುಕೊಂಡು ಶುರುವಾದ ಆರೋಗ್ಯವಾಣಿ ಇದು. ಫೋನಿಗೆ ದುಡ್ಡಿಲ್ಲ. ಮೊದಲು ಒಬ್ಬರು ಹೆಸರು, ವಯಸ್ಸು, ಊರು ಬರೆದುಕೊಳ್ಳುತ್ತಾರೆ. ಆಮೇಲೆ ತರಬೇತಿ ಪಡೆದವರು ಒಂದೊಂದಾಗಿ ಪ್ರಶ್ನೆ ಕೇಳುತ್ತಾರೆ. ಬೇಕಾದರೆ ಡಾಕ್ಟರಿಗೆ ಕೊಡುತ್ತಾರೆ. ಆಸ್ಪತ್ರೆಯ ಮೇಲಿನ ದೂರೂ ಅಲ್ಲೇ ಹೇಳಬಹುದು.

ಇದರಿಂದ ನನ್ನ ವ್ಯಾಪಾರಕ್ಕೆ ನಷ್ಟವೇ. ಫೋನಿನಲ್ಲಿ ಮಾತಾಡಿದವರು ನಾಲ್ಕು ಗುಳಿಗೆಯ ಬದಲು ಒಂದು ಓಆರ್‌ಎಸ್ ಪ್ಯಾಕೆಟ್ ಒಯ್ಯುತ್ತಾರೆ. ಆದರೂ ಬರೆದಿಟ್ಟಿದ್ದೇನೆ, ಯಾಕೆಂದು ಹೇಳುತ್ತೇನೆ.

ಒಂದು ರಾತ್ರಿ ಹತ್ತಿರದ ತಾಂಡಾದಿಂದ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದಳು. ಎರಡು ವರ್ಷ ತುಂಬದ ಮಗು, ಮೈ ಕೆಂಡ. ಕೈಯಲ್ಲಿ ಖಾಲಿಯಾಗುತ್ತ ಬಂದ ಔಷಧಿ ಬಾಟಲಿ. “ಎಣ್ಣಿ ಹಾಕೀನಿ ಅಣ್ಣಾ, ಜ್ವರ ಇಳಿವಲ್ದು, ಇನ್ನೊಂದು ಬಾಟ್ಲಿ ಕೊಡು.” ನಮ್ಮಲ್ಲಿ ಮಕ್ಕಳಿಗೆ ಕುಡಿಸುವುದೆಲ್ಲ ಎಣ್ಣಿಯೇ. ನಾನು 104 ಹಚ್ಚಿ ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟೆ. ಆ ಕಡೆಯ ಹೆಣ್ಣುಧ್ವನಿ ಅವಸರ ಮಾಡಲಿಲ್ಲ. ಮಗು ಹಾಲು ಕುಡಿಯುತ್ತಿದೆಯೇ, ಸಂಜೆಯಿಂದ ಉಚ್ಚೆ ಹೊಯ್ದಿದೆಯೇ, ಫಿಟ್ಸ್ ಬಂದಿತ್ತೇ, ಮೈಮೇಲೆ ಗಂದೆ ಎದ್ದಿವೆಯೇ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದೆಯೇ. ತಾಯಿ ಒಂದೊಂದಕ್ಕೂ ಕೂಸನ್ನು ತಿರುಗಿಸಿ ನೋಡಿ ಉತ್ತರ ಕೊಟ್ಟಳು. ಕೊನೆಗೆ ಬಂತು ನಿಜವಾದ ಪ್ರಶ್ನೆ: “ಯಾವ ಔಷಧಿ ಹಾಕೀರಿ, ಬಾಟಲಿ ಮ್ಯಾಲ ಏನ್ ಬರದದ, ಎಷ್ಟು ಹಾಕೀರಿ?”

ಬಾಟಲಿ ಓದಿದವನು ನಾನು. ಅದು ಸಿರಪ್ ಅಲ್ಲ, ಡ್ರಾಪ್ಸ್. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುತ್ತದೆ. ಹನಿ ಬಾಟಲಿಯಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಸಿರಪ್ಪಿನ ಚಮಚೆಯಲ್ಲಿ ಹನಿಯ ಔಷಧಿ ಅಳೆದರೆ ಒಂದು ಚಮಚೆಗೆ 500 ಮಿ.ಗ್ರಾಂ. ಆಯಿತು, ಅಂದರೆ ದೊಡ್ಡವರ ಒಂದು ಗುಳಿಗೆ. ಹತ್ತು ಕಿಲೋ ತೂಗುವ ಕೂಸಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಸಾಕು. ಆ ತಾಯಿ ಪುಣ್ಯಕ್ಕೆ ಚಮಚೆ ಬಳಸಿರಲಿಲ್ಲ, ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪ ಹಾಕಿದ್ದಳು. ಫೋನಿನಾಕೆ ಲೆಕ್ಕ ಹಾಕಿ, ಇನ್ನು ಬೆಳಗಿನವರೆಗೆ ಆ ಔಷಧಿ ಬೇಡ, ಮೈ ಒರೆಸಿರಿ, ಕುಡಿಯಲು ಕೊಡುತ್ತಿರಿ, ಇಂತಿಂಥದ್ದು ಕಂಡರೆ ಕಾಯಬೇಡಿರಿ, ಬೆಳಿಗ್ಗೆ ಹೇಗೂ ಡಾಕ್ಟರಿಗೆ ತೋರಿಸಿರಿ ಎಂದಳು. ತಾಯಿಗೆ ಸಮಾಧಾನವಾಗಲಿಲ್ಲ. “ಸೂಜಿ ಬ್ಯಾಡೇನ್ರಿ?” ಎಂದು ಫೋನಿಗೇ ಕೇಳಿದಳು. ಬ್ಯಾಡ ಎಂದಿತು ಫೋನು. ಸೂಜಿ ಬೇಡ ಎಂದು ಧೈರ್ಯವಾಗಿ ಹೇಳುವವರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನಾನು ಎಣಿಸಲು ಹೋಗುವುದಿಲ್ಲ.

ಫೋನಿನಲ್ಲಿ ಎಂಥ ವೈದ್ಯ, ನಾಡಿ ಮುಟ್ಟದೆ ರೋಗ ತಿಳಿಯುತ್ತದೆಯೇ ಎಂದು ಬೀದರ್, ಕಲಬುರಗಿಯ ಡಾಕ್ಟರರೇ ನಗುವುದನ್ನು ಕೇಳಿದ್ದೇನೆ. ಅವರು ಫೋನನ್ನು ತಮ್ಮೊಂದಿಗೆ ಹೋಲಿಸಿಕೊಳ್ಳುತ್ತಾರೆ. ರಾತ್ರಿ ಹತ್ತಕ್ಕೆ ಹಳ್ಳಿಯಲ್ಲಿ ಆ ಡಾಕ್ಟರ್ ಎಲ್ಲಿದ್ದಾನೆ? ಅಲ್ಲಿರುವುದು ನನ್ನಂಥವನ ಡೋಸ್, ಇಲ್ಲವೆ ಸಲೈನ್ ಹಚ್ಚಿದರೆ ತ್ರಾಣ ಬರುತ್ತದೆ ಎನ್ನುವ ಚೀಲದ ಡಾಕ್ಟರ್. ಹೋಲಿಸುವುದಾದರೆ ಅವರೊಂದಿಗೆ ಹೋಲಿಸಿರಿ. ಆಗ ಫೋನೇ ಗೆಲ್ಲುತ್ತದೆ.

ಇನ್ನೊಂದು ಮಾತು, ಗಂಡಸರು ಬರೆಯುವ ಲೇಖನಗಳಲ್ಲಿ ಬಾರದ್ದು. ಬಿಳಿ ಸೆರಗು, ನಿಂತ ಮುಟ್ಟು, ಕಾಪರ್-ಟಿ ಹಾಕಿಸಿಕೊಂಡ ಮೇಲಿನ ನೋವು ಇವನ್ನು ಯಾವ ಹೆಣ್ಣುಮಗಳೂ ನನ್ನ ಕೌಂಟರಿಗೆ ಬಂದು ಹೇಳುವುದಿಲ್ಲ. ಪಕ್ಕದಲ್ಲಿ ನಾಲ್ಕು ಜನ ನಿಂತಿರುತ್ತಾರೆ. ಗಂಡನನ್ನು ಕಳಿಸಿದರೆ ಅವನು ಗೊತ್ತಿಲ್ಲದ್ದನ್ನು ಅರ್ಧಮರ್ಧ ಹೇಳುತ್ತಾನೆ, ನಾನು ಅದಕ್ಕಿಂತ ಕಡಿಮೆ ಕೇಳಿಸಿಕೊಳ್ಳುತ್ತೇನೆ. ಇಂಥವರಿಗೆ ಮುಖ ಕಾಣದ ಧ್ವನಿ ದೊಡ್ಡ ಆಸರೆ. ನಿದ್ದೆ ಗುಳಿಗೆ ಕೇಳಿಕೊಂಡು ಬರುವವರ ಕಥೆಯೂ ಹಾಗೇ. ಚೀಟಿಯಿಲ್ಲದೆ ಕೊಡಲು ಬರುವುದಿಲ್ಲ ಎಂದು ಹೇಳಿ, ಬಿಲ್ಲಿನ ಹಿಂದೆ 14416 ಎಂದು ಬರೆದು ಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಅದು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಕೆಲವರು ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಕೆಲವರು ನನ್ನ ಮುಂದೆಯೇ ಹರಿದು ಹೋಗುತ್ತಾರೆ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರುತ್ತೇನೆ. ನನ್ನ ಕಾಕು ಇರುವುದು ಬಸವಕಲ್ಯಾಣದಿಂದಾಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಹಳ್ಳಿಯಲ್ಲಿ. ಸಕ್ಕರೆ ಕಾಯಿಲೆ ಹಳೆಯದು. ಒಂದು ಭಾನುವಾರ ಸಂಜೆ ವಾಂತಿ, ಜುಲಾಬು ಹತ್ತಿತು. ಮಗ ಒಂದು ಸಹಾಯವಾಣಿಗೆ ಫೋನ್ ಮಾಡಿದ. ಯಾವುದಕ್ಕೆ ಎಂಬುದು ಇಲ್ಲಿ ಬೇಡ. ಸಲಹೆ ನೂರಕ್ಕೆ ನೂರು ಸರಿಯಾಗಿತ್ತು. ಸಕ್ಕರೆ ಇದ್ದವರಿಗೆ ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಈಗಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. “ಹತ್ತಿರದ್ದು ಅಂದ್ರ ಯಾವುದ್ರಿ?” ಎಂದ ಇವನು. “ಅದು ನಿಮಗೇ ಗೊತ್ತಿರಬೇಕಲ್ಲ ಸರ್.”

ಗೊತ್ತಿರಬೇಕು, ನಿಜ. ಆದರೆ ಏನು ಗೊತ್ತಿರಬೇಕು? ಗೋಡೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆ ರಾತ್ರಿ ಗೋಡೆಯೊಳಗೆ ಯಾರಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ. ಜೀಪ್ ಮಾಡಿಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರು. ಸಿಸ್ಟರ್ ಒಬ್ಬರು ಹೆರಿಗೆ ನೋಡುತ್ತಿದ್ದರು, ಡಾಕ್ಟರ್ ಬೆಳಿಗ್ಗೆ ಬರುತ್ತಾರೆಂದರು. ಅಲ್ಲಿಂದ ತಿರುಗಿ ಬಸವಕಲ್ಯಾಣ. ಗಡಿ ದಾಟಿ ಉಮರ್ಗಾಕ್ಕೆ ಹೋಗೋಣವೆಂದು ಜೀಪಿನಲ್ಲಿ ಒಬ್ಬರು, ನೇರ ಬೀದರಿನ ಬ್ರಿಮ್ಸ್‌ಗೆ ಎಂದು ಇನ್ನೊಬ್ಬರು. ಕಾಕು ಉಳಿದಳು, ಈಗಲೂ ಸಕ್ಕರೆ ಹಾಕಿದ ಚಹಾಕ್ಕಾಗಿ ಸೊಸೆಯೊಂದಿಗೆ ಜಗಳವಾಡುತ್ತಾಳೆ. ಆದರೆ ಆ ಎರಡು ಗಂಟೆಯ ಅಲೆದಾಟ ಸಲಹೆಯ ಕೊರತೆಯಿಂದ ಬಂದದ್ದಲ್ಲ, ಸಲಹೆಗೊಂದು ವಿಳಾಸ ಇಲ್ಲದ್ದರಿಂದ ಬಂದದ್ದು.

ಗಡಿಯ ಊರುಗಳಿಗೆ ಇನ್ನೊಂದು ತಾಪತ್ರಯ ಟವರಿನದು. ಹೊಲದಲ್ಲಿ ನಿಂತರೆ ಕರ್ನಾಟಕ, ಮನೆಯೊಳಗೆ ಬಂದರೆ ಮಹಾರಾಷ್ಟ್ರ. ಮೂರು ಅಂಕಿಯ ನಂಬರು ಯಾವ ಟವರ್ ಹಿಡಿದರೆ ಆ ರಾಜ್ಯಕ್ಕೆ ಹೋಗಬಹುದು. ಮಹಾರಾಷ್ಟ್ರದಲ್ಲಿ 2014ರಲ್ಲಿ ಇದೇ 104 ಶುರುವಾದದ್ದು ರಕ್ತ ತರಿಸುವ ಸೇವೆಯಾಗಿ, ಜೀವನ ಅಮೃತ ಎಂಬ ಹೆಸರಿನಲ್ಲಿ. ಪೂರ್ವಕ್ಕೆ ಜಹೀರಾಬಾದಿನ ಕಡೆ ಹೋದರೆ, ಆಂಧ್ರ ಒಂದಾಗಿದ್ದ ಕಾಲದಿಂದ 104 ಅಂದರೆ ಹಳ್ಳಿಗೆ ಬಿಪಿ, ಸಕ್ಕರೆ ಗುಳಿಗೆ ಹೊತ್ತು ಬರುತ್ತಿದ್ದ ವ್ಯಾನು. ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಅರ್ಧ ದಿನ ಬಸ್ಸಿನಲ್ಲಿ ಕುಳಿತರೆ ಒಂದೇ ನಂಬರಿಗೆ ಮೂರು ಅರ್ಥ ಸಿಗುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಯಾರಾದರೂ ಒಬ್ಬರು ಕುಳಿತು ಸರಿಮಾಡಬೇಕು. ಸಾಲದ್ದಕ್ಕೆ ಕೊರೊನಾ ಕಾಲದಲ್ಲಿ 1075, ಆಪ್ತಮಿತ್ರದ 14410 ಬಂದವು. ಡಾಕ್ಟರಿಗೆ ಫೋನಿನಲ್ಲೂ ತೋರಿಸಬಹುದು ಎಂದು ನಮ್ಮ ಮಂದಿ ಕಲಿತದ್ದು ಆ 2020ರಲ್ಲೇ, ನಿಜ. ಆದರೆ ಇಷ್ಟು ನಂಬರು ಕೊಟ್ಟರೆ ಅಜ್ಜನೊಬ್ಬ ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮೊಮ್ಮಗನ ನಂಬರನ್ನಷ್ಟೇ ಒತ್ತುತ್ತಾನೆ.

ಇಂಗ್ಲೆಂಡಿನಲ್ಲಿ 1998ರಲ್ಲಿ ಎನ್‌ಎಚ್‌ಎಸ್ ಡೈರೆಕ್ಟ್ ಎಂದು ಇಂಥದ್ದೇ ಫೋನ್ ಸೇವೆ ಶುರುವಾಯಿತು. 2014ರ ಹೊತ್ತಿಗೆ ಅದರ ಜಾಗಕ್ಕೆ 111 ಎಂಬ ನಂಬರು ಬಂತು. ಕಾಯಿಸುತ್ತಾರೆ ಎಂಬ ಬೈಗುಳ ಅದಕ್ಕೂ ತಪ್ಪಿಲ್ಲ. ಆದರೆ ಅಲ್ಲಿ ಫೋನ್ ಎತ್ತಿದವರು ಇಂಥ ಊರಿನ ಇಂಥ ದವಾಖಾನೆಗೆ ಹೋಗಿರಿ ಎನ್ನುತ್ತಾರೆ, ಎಷ್ಟೋ ಕಡೆ ವೇಳೆಯನ್ನೂ ಗೊತ್ತುಮಾಡಿಕೊಡುತ್ತಾರೆ. ಅವರ ಹಣ ನಮ್ಮಲ್ಲಿಲ್ಲ ಎನ್ನಬಹುದು. ನಾನು ಕೇಳುತ್ತಿರುವುದಕ್ಕೆ ಅಷ್ಟು ಹಣವೂ ಬೇಡ. ಈ ರಾತ್ರಿ ಯಾವ ಆಸ್ಪತ್ರೆಯಲ್ಲಿ ಯಾರ ಡ್ಯೂಟಿ ಎಂಬ ಪಟ್ಟಿ ತಾಲ್ಲೂಕು ಆರೋಗ್ಯ ಅಧಿಕಾರಿಯ ಕಚೇರಿಯಲ್ಲಿ ಇರಬೇಕಾದ್ದೇ. ಅದನ್ನು ದಿನಾ ಸಂಜೆ ಸಹಾಯವಾಣಿಯ ಕಂಪ್ಯೂಟರಿಗೆ ಏರಿಸಲಿ. “ನಿಮ್ಮೂರಿನ ಕೇಂದ್ರದಲ್ಲಿ ಇವತ್ತು ಡಾಕ್ಟರ್ ಇಲ್ಲ, ನೇರ ಬಸವಕಲ್ಯಾಣಕ್ಕೆ ನಡೀರಿ” ಎಂಬ ಒಂದು ವಾಕ್ಯ ಆ ರಾತ್ರಿ ನಮ್ಮ ಜೀಪಿಗೆ ಸಾಕಾಗಿತ್ತು. ಪಟ್ಟಿ ಬಹಿರಂಗವಾದರೆ ಡ್ಯೂಟಿಯಲ್ಲಿ ಇಲ್ಲದವರ ಹೆಸರೂ ಬಹಿರಂಗವಾಗುತ್ತದೆ. ಅದು ಇಷ್ಟು ದಿನ ಆಗದಿರುವುದಕ್ಕೆ ಕಾರಣ ತಂತ್ರಜ್ಞಾನ ಎಂದು ನನಗೆ ಅನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಒಂದು ಫೋನು ಆ ಕಡೆಯಿಂದಲೇ ಬಂದರೆ ಇನ್ನೂ ಒಳ್ಳೆಯದು. ಅಷ್ಟಾಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಸಂದೇಶ ಹೋಗಲಿ: ಇಂಥ ಮನೆಯ ಕೂಸಿಗೆ ಜ್ವರ, ನೋಡಿ ಬಾ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಎಂದು ಫೋನಿನಲ್ಲಿ ಹೇಳಿದರೂ ಮನೆಯಲ್ಲಿ ಒಂದು ಗ್ಲಾಸಿಗೆ ಚಿಟಿಕೆ ಚಿಟಿಕೆ ಹಾಕುತ್ತಾರೆ. ಭೇದಿ ನಿಂತರೂ ಜಿಂಕ್ ಗುಳಿಗೆ 14 ದಿನ ಕೊಡಬೇಕೆಂದರೆ ಮೂರನೆಯ ದಿನಕ್ಕೆ ಬಿಡುತ್ತಾರೆ. ಇದನ್ನು ಫೋನು ನೋಡಲಾರದು, ಆಶಾ ನೋಡಬಲ್ಲಳು. ಅದಕ್ಕಾಗಿ ಆಕೆಗೆ ಪ್ರತ್ಯೇಕ ಗೌರವಧನ ಕೊಡಬೇಕು. ಆಕೆಯ ತಲೆಯ ಮೇಲೆ ಬಿಟ್ಟಿ ಕೆಲಸ ಈಗಾಗಲೇ ಸಾಕಷ್ಟಿದೆ.

ದುಡ್ಡಿನ ಮಾತು. ಸಂವಿಧಾನದ 371ಜೆ ಬಂದು ದಶಕ ಮೀರಿತು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು, ಹೆಸರಿನಲ್ಲಿ ನಮ್ಮ ಕಲ್ಯಾಣ ಸೇರಿತು. ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟಡ ಕಾಣುತ್ತವೆ, ರಸ್ತೆ ಕಾಣುತ್ತವೆ. ಕಾಣದ ಒಂದು ಕೆಲಸಕ್ಕೂ ಸ್ವಲ್ಪ ಎತ್ತಿಡಿರಿ. ಕಲಬುರಗಿಯಲ್ಲಿ 104ರ ಒಂದು ಶಾಖೆ ಇರಲಿ. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಬಲ್ಲ ನಮ್ಮ ಹುಡುಗ ಹುಡುಗಿಯರೇ ಅಲ್ಲಿ ಕೂಡಲಿ. ಹುಮನಾಬಾದಿನ ಸಂತೆಯಲ್ಲಿ ಈ ಐದೂ ಮಾತು ಬಲ್ಲವರು ಬೇಕಾದಷ್ಟಿದ್ದಾರೆ, ನೌಕರಿ ಹುಡುಕಿಕೊಂಡು ಹೈದರಾಬಾದಿಗೆ, ಪುಣೆಗೆ ಹೋಗುತ್ತಿದ್ದಾರೆ.

ಅದೆಲ್ಲ ಆಗುವತನಕ ಓದುಗರಿಗೊಂದು ವಿನಂತಿ. 104ಕ್ಕೆ ಫೋನ್ ಮಾಡುವಾಗ ರೋಗಿಯ ಪಕ್ಕದಲ್ಲೇ ಇರಿ, ಕೊಟ್ಟ ಔಷಧಿಯ ಬಾಟಲಿ ಕೈಯಲ್ಲಿರಲಿ, ಮಗುವಾದರೆ ತೂಕ ಗೊತ್ತಿರಲಿ, ಮಹಾರಾಷ್ಟ್ರದ ಟವರ್ ಹಿಡಿದಿದ್ದರೆ ಮನೆಯಿಂದ ಹೊರಗೆ ಬಂದು ಮತ್ತೆ ಹಚ್ಚಿರಿ. ಹತ್ತಿರದ ಆಸ್ಪತ್ರೆ ಯಾವುದು, ಈಗ ಅಲ್ಲಿ ಡಾಕ್ಟರ್ ಇದ್ದಾರೆಯೇ ಎಂದು ಕೇಳದೆ ಫೋನ್ ಇಡಬೇಡಿ. ಉತ್ತರ ಗೊತ್ತಿಲ್ಲ ಎಂದರೆ ಅದನ್ನೇ ದೂರು ಎಂದು ಬರೆದುಕೊಳ್ಳಲು ಹೇಳಿರಿ. ಎದೆನೋವು, ಏದುಸಿರು, ಹಾವಿನ ಕಡಿತ, ಬೆಳೆಗೆ ಔಷಧಿ ಹೊಡೆಯುವಾಗ ತಲೆತಿರುಗಿ ಬಿದ್ದದ್ದು, ಮೈಮೇಲೆ ಎಚ್ಚರವಿಲ್ಲದ್ದು ಇವಕ್ಕೆ 104 ಅಲ್ಲ, ನನ್ನ ಅಂಗಡಿಯೂ ಅಲ್ಲ. 108.