ದೆವ್ವದ ಮೇಲೆ ಅಧಿಕಾರ ಯಾರದು?

ನಮ್ಮ ಸುರೇಬಾನ, ರಾಮದುರ್ಗದ ಕಡೆ ಯಾರಿಗಾದರೂ ನಾಕು ದಿನ ನಿದ್ದೆ ಹತ್ತದಿದ್ದರೆ, ಒಬ್ಬರೇ ಮಾತಾಡತೊಡಗಿದರೆ, ಮೊದಲು ಬರೋ ಮಾತು ‘ಗಾಳಿ ಬಡದೈತಿ’. ಜಾತಿ, ಧರ್ಮ ಅನ್ನೋ ಭೇದ ಆ ಗಾಳಿಗಿಲ್ಲ. ಈಗ ಅದರ ಜೊತೆ ವಾಟ್ಸಾಪ್ ವಿಡಿಯೊಗಳೂ ಬರ್ತವೆ. ವೇದಿಕೆ ಮೇಲೊಬ್ಬರು ಮೈಕ್ ಹಿಡಿದು ‘ಯೇಸುವಿನ ಹೆಸರಿನಲ್ಲಿ ಬಿಟ್ಟು ಹೋಗು’ ಅಂತ ಗದರಿಸ್ತಾರೆ, ಎದುರಿಗಿದ್ದವರು ನೆಲಕ್ಕೆ ಬೀಳ್ತಾರೆ. ನೋಡಿ ಕೆಲವರು ನಗ್ತಾರೆ, ಕೆಲವರು ಕೈ ಮುಗೀತಾರೆ. ಆ ನಂಬಿಕೆ ನಿಜವಾಗಿ ಏನು ಹೇಳ್ತದೆ ಅಂತ ಕೇಳೋರು ಕಡಿಮೆ.

ಕ್ರೈಸ್ತರ ಈ ನಂಬಿಕೆಯ ಜೀವಾಳ ‘ಅಧಿಕಾರ’ ಅನ್ನೋ ಪದ. ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲೇ ಕಪೆರ್ನೌಮಿನ ಸಭಾಮಂದಿರದ ಪ್ರಸಂಗ ಬರ್ತದೆ. ಅಲ್ಲಿ ನಿಂಬೆಹಣ್ಣಿಲ್ಲ, ತಾಯಿತವಿಲ್ಲ. ಯೇಸು ಒಂದು ಮಾತು ಹೇಳ್ತಾನೆ, ಅಶುದ್ಧಾತ್ಮ ಬಿಟ್ಟು ಹೋಗ್ತದೆ. ಅಂದರೆ ದೇವರಿಗೂ ದೆವ್ವಕ್ಕೂ ಸರಿಜೋಡಿ ಕುಸ್ತಿ ಅಲ್ಲವೇ ಅಲ್ಲ. ಹಾಗಾಗಿ ನಂಬಿದವನು ದೆವ್ವಕ್ಕೆ ಹೆದರಬೇಕಿಲ್ಲ.

ಆದರೆ ಆ ಅಧಿಕಾರ ದೇವರದು, ಮೈಕ್ ಹಿಡಿದವರದಲ್ಲ. ‘ಅಪೊಸ್ತಲರ ಕೃತ್ಯಗಳು’ 19ನೇ ಅಧ್ಯಾಯದಲ್ಲಿ ಸ್ಕೇವನ ಏಳು ಮಕ್ಕಳು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋಗ್ತಾರೆ. ಬೇರೆಯವರ ಲಾಗಿನ್ ಹಾಕಿ ಒಳಗೆ ಹೋಗೋಕೆ ನೋಡಿದಂಗೆ! ದೆವ್ವ ಹಿಡಿದವನೇ ಅವರ ಮೇಲೆ ಬಿದ್ದು ಬಡಿದು ಓಡಿಸ್ತಾನೆ.

ಮಾರ್ಕ 5ರಲ್ಲಿ ಸಮಾಧಿಗಳ ನಡುವೆ ಇದ್ದವನ ಕಥೆಯಿದೆ. ಅವನಿಗೆ ಸರಪಳಿ ಹಾಕಿದ್ದು ಊರವರು. ಯೇಸು ಅವನನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ, ‘ನಿನ್ನ ಹೆಸರೇನು’ ಅಂತ ಕೇಳಿದ. ಕೊನೆಗೆ ಅವನು ಬಟ್ಟೆ ತೊಟ್ಟು, ಬುದ್ಧಿ ನೆಟ್ಟಗಾಗಿ ಕೂತಿರ್ತಾನೆ. ತನ್ನ ಜೊತೆ ಬರ್ತೀನಿ ಅಂದವನನ್ನು ಯೇಸು ಮನೆಗೆ ಕಳಿಸ್ತಾನೆ. ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಲಿಲ್ಲ.

ಇನ್ನೊಂದು ವಿಷಯ. ಮತ್ತಾಯ 4:24ರಲ್ಲಿ ಯೇಸುವಿನ ಹತ್ತಿರ ಕರೆತಂದವರ ಪಟ್ಟಿಯಿದೆ. ಅಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ. ಎಲ್ಲಾ ರೋಗವೂ ದೆವ್ವವೇ ಅಂತ ಆ ಪುಸ್ತಕ ಹೇಳೋದಿಲ್ಲ. ಕ್ಯಾಥೊಲಿಕ್ ಸಭೆಯ ನಿಯಮವಂತೂ ಇನ್ನೂ ಬಿಗಿ. ಬಿಷಪ್ಪರ ಅನುಮತಿ ಇಲ್ಲದೆ ಯಾವ ಪಾದ್ರಿಯೂ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ. ಇದು ಕಾಯಿಲೆಯಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಕೂಡ ಈ ಸೀಮೆಯಲ್ಲಿ ಬರೀ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ನಡೆಸಿತು. ಪ್ರಾರ್ಥನೆ ಮತ್ತು ಔಷಧ ಅವರಿಗೆ ಒಂದಕ್ಕೊಂದು ವೈರಿ ಆಗಿರಲಿಲ್ಲ.

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದರೆ, ‘ನಂಬಿಕೆ ಇದ್ದರೆ ಗುಳಿಗೆ ಬಿಡು’ ಅನ್ನೋ ಮಾತು ಅಪಾಯದ್ದು. ಮೂರ್ಛೆರೋಗದ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ದೆವ್ವ ಬಿಡಿಸ್ತೀವಿ ಅಂತ ಕಟ್ಟಿಹಾಕಿ ಹೊಡೆಯೋದು 2017ರ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಪ್ರಾರ್ಥನೆಗೆ ಕಾನೂನಿನ ಅಡ್ಡಿಯಿಲ್ಲ, ಹಿಂಸೆಗೆ ಇದೆ.

ಊರಲ್ಲಿರೋ ಅವ್ವ ಫೋನ್ ಮಾಡಿ ‘ಪ್ರಾರ್ಥನೆಗೆ ಕರಕೊಂಡು ಹೋಗ್ಲೇನು?’ ಅಂತ ಕೇಳಿದರೆ ಜಗಳ ತೆಗೀಬೇಡಿ. ‘ಹೋಗವ್ವ, ಆದ್ರ ಗುಳಿಗಿ ಬಿಡಿಸಬ್ಯಾಡ’ ಅನ್ನಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಒಮ್ಮೆ ತೋರಿಸೋಕೆ ರಜೆ ಹಾಕಿ ನೀವೂ ಜೊತೆಗೆ ಹೋಗಿ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಕೇಳಬೇಕು ಅನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.