ಗೋಪುರವೇರುವವನ ಸುರಕ್ಷತೆ

ಗುಡ್ಡದ ನೆತ್ತಿಯಲ್ಲಿ ಮೊಬೈಲ್ ಗೋಪುರ ತಲೆಯೆತ್ತಿದಾಗಲೆಲ್ಲ ಸುತ್ತಲಿನ ಮನೆ, ಶಾಲೆಗಳ ಸುರಕ್ಷತೆಯ ಪ್ರಶ್ನೆ ಏಳುತ್ತದೆ. ಅದು ಸಹಜವೇ. ಆದರೆ ಅದೇ ಗೋಪುರವನ್ನೇರಿ ಆಂಟೆನಾದ ಮಗ್ಗುಲಲ್ಲಿ ದುಡಿಯುವ ಕಾರ್ಮಿಕನ ಕುರಿತು ಕೇಳುವವರು ವಿರಳ.

ಭಾರತವು 2012ರ ಸೆಪ್ಟೆಂಬರ್ 1ರಿಂದ, ಜನಸಾಮಾನ್ಯರಿಗೆಂದು ಅಂತರರಾಷ್ಟ್ರೀಯ ಆಯೋಗವೊಂದು ಸೂಚಿಸಿದ್ದ ಮಿತಿಯ ಹತ್ತನೇ ಒಂದಂಶವನ್ನು ಗೋಪುರಗಳಿಗೆ ನಿಗದಿಪಡಿಸಿತು: 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 0.45 ವ್ಯಾಟ್. ಊರಿನವರಿಗೆ ದೂರವೂ ಒಂದು ರಕ್ಷೆ. ಆಂಟೆನಾದ ಎದುರು ನಿಂತವನಿಗೆ ಆ ರಕ್ಷೆಯಿಲ್ಲ.

ಸೂಕ್ಷ್ಮತರಂಗಗಳು ದೇಹದ ಅಂಗಾಂಶಗಳನ್ನು ಬಿಸಿಯಾಗಿಸುತ್ತವೆ ಎಂಬುದು ದೃಢಪಟ್ಟ ಸಂಗತಿ. ರಕ್ತನಾಳಗಳೇ ಇಲ್ಲದ ಕಣ್ಣಿನ ಮಸೂರಕ್ಕೆ ಆ ಶಾಖವನ್ನು ಕಳೆದುಕೊಳ್ಳುವುದು ಕಠಿಣ. ಇಡೀ ದೇಹವು ಹೀರಬಹುದಾದ ಶಕ್ತಿಗೆ ಆಯೋಗವು 1998ರಲ್ಲಿ ಹಾಕಿದ, 2020ರ ಪರಿಷ್ಕರಣೆಯಲ್ಲೂ ಉಳಿಸಿಕೊಂಡ ಮಿತಿ ಹೀಗಿದೆ: ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಜನಸಾಮಾನ್ಯರಿಗೆ 0.08 ವ್ಯಾಟ್, ಕಾರ್ಮಿಕರಿಗೆ 0.4 ವ್ಯಾಟ್. ಅಂದರೆ ಐದು ಪಟ್ಟು.

ಕಾರ್ಮಿಕನ ದೇಹವೇನು ಐದು ಪಟ್ಟು ಗಟ್ಟಿಯೇ? ಖಂಡಿತ ಅಲ್ಲ. ಆತ ಅಪಾಯವನ್ನು ಅರಿತವನು, ತರಬೇತಿ ಪಡೆದವನು, ನಿಯಂತ್ರಿತ ಸ್ಥಿತಿಯಲ್ಲಿ ದುಡಿಯುವ ವಯಸ್ಕ ಎಂಬ ಷರತ್ತಿನ ಮೇಲೆ ಈ ಸಡಿಲಿಕೆ ನಿಂತಿದೆ. ತರಬೇತಿಯಿಲ್ಲದೆ, ಗುತ್ತಿಗೆದಾರನ ಮಾತೊಂದನ್ನೇ ನಂಬಿ ಏರುವವನಿಗೆ ಈ ಮಿತಿಯನ್ನು ಅನ್ವಯಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. ಅಂಥವನು ಮಾನದಂಡದ ದೃಷ್ಟಿಯಲ್ಲಿ ಜನಸಾಮಾನ್ಯನೇ.

ಪರಿಹಾರ ದುಬಾರಿಯೇನಲ್ಲ. ಪ್ರಸಾರ ನಿಲ್ಲಿಸಿದ ಅಥವಾ ತಗ್ಗಿಸಿದ ಬಳಿಕವೇ ಏರಬೇಕೆಂಬ ಲಿಖಿತ ಅನುಮತಿ, ಕನ್ನಡದಲ್ಲಿ ತರಬೇತಿ, ಬುಡದಲ್ಲಿ ಸ್ಪಷ್ಟ ಎಚ್ಚರಿಕೆಯ ಫಲಕ, ಏರಿಳಿದ ವೇಳೆಯ ದಾಖಲೆ ಇಷ್ಟಾದರೂ ಕಡ್ಡಾಯವಾಗಬೇಕು. ಗ್ರಾಮಸಭೆಗಳು ಗೋಪುರದ ಕೆಳಗಿನ ಮನೆಗಳ ಬಗ್ಗೆ ವಿಚಾರಿಸುವಾಗ, ಮೇಲೇರುವವನ ಬಗ್ಗೆಯೂ ವಿಚಾರಿಸಲಿ.