ಕರಿ ತೋಳವೂ ಹುಣಸೆ ಬೀಜವೂ

ಏಳನೇ ತರಗತಿಯ ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಚಾರ್ಟ್ ಮಾಡಿದ್ದಳು. ನಡುವೆ ಎರಡು ತೋಳ, ಒಂದು ಬೂದು, ಒಂದು ಕಪ್ಪು. ಕಪ್ಪು ತೋಳ ಸ್ವಲ್ಪ ನಮ್ಮ ಬೀದಿ ನಾಯಿಯ ಹಾಗೆ ಕಾಣುತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಳು: "ಅಮೆರಿಕದ ಯೆಲ್ಲೊಸ್ಟೋನ್ ಕಾಡಿನ ತೋಳಗಳು ರೋಗದಿಂದ ತಪ್ಪಿಸಿಕೊಳ್ಳಲು ಕಪ್ಪು ಬಣ್ಣಕ್ಕೆ ತಿರುಗಿದವು."

"ಈ ಸಾಲು ತಪ್ಪು ಕಣಮ್ಮ" ಅಂದೆ.

"ಹೋಗಿ ತಾತ, ಸಂಜೆಯೆಲ್ಲ ಕೂತು ಬರೆದಿದೀನಿ. ರೋಗ ನಿಜ, ಕಪ್ಪು ತೋಳ ನಿಜ. ಇನ್ನೇನು ತಪ್ಪು?"

"ತಪ್ಪಿಸಿಕೊಳ್ಳಲು ಅನ್ನೋ ಪದ."

ಅವಳಿಗೆ ಅಳುವೇ ಬಂತು. ಸ್ಕೆಚ್ ಪೆನ್ ಅಳಿಸುವುದಕ್ಕೆ ಆಗುವುದಿಲ್ಲವಲ್ಲ. ಅವಳಜ್ಜಿ ಅಡುಗೆಮನೆಯಿಂದಲೇ "ಒಂದು ಪದಕ್ಕೆ ಮಗೂನ ಯಾಕೆ ಗೋಳು ಹೊಯ್ಕೋತೀರಿ?" ಎಂದು ಗದರಿದಳು. ಆದರೆ ಬ್ಯಾಂಕಿನ ಲೆಡ್ಜರು ಬರೆದು ಬರೆದು ಮುದುಕನಾದವನಿಗೆ ಒಂದು ತಪ್ಪು ನಮೂದು ಕಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಅದರಲ್ಲೂ ಆ ಒಂದು ಪದದಲ್ಲಿ ಇಡೀ ಕಥೆಯೇ ತಲೆಕೆಳಗಾಗಿತ್ತು. ಹೇಗೆ ಅಂತ ಹೇಳುತ್ತೇನೆ.

ಯೆಲ್ಲೊಸ್ಟೋನ್ ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನ, 1872ರದ್ದು. ಬಿಸಿನೀರಿನ ಬುಗ್ಗೆಗಳು, ಕಾಡೆಮ್ಮೆಯಂಥ ಬೈಸನ್‌ಗಳು, ಎಲ್ಕ್ ಎಂಬ ನಮ್ಮ ಕಡವೆಗಿಂತ ದೊಡ್ಡ ಜಿಂಕೆಗಳು ಇರುವ ಜಾಗ. ಅಲ್ಲಿದ್ದ ತೋಳಗಳನ್ನು ಜನ ಗುಂಡಿಟ್ಟು, ಬೋನಿಟ್ಟು, ವಿಷವಿಟ್ಟು ಕೊಂದರು. 1926ರ ಹೊತ್ತಿಗೆ ಉದ್ಯಾನದ ತೋಳಗಳ ಕಥೆ ಮುಗಿದಿತ್ತು. ಆಮೇಲೆ ಬಹಳ ವರ್ಷಕ್ಕೆ ಬುದ್ಧಿ ಬಂದು, 1995 ಮತ್ತು 1996ರಲ್ಲಿ ಕೆನಡಾದಿಂದ ಒಟ್ಟು 31 ತೋಳಗಳನ್ನು ಹಿಡಿದು ತಂದು ಬಿಟ್ಟರು. ಅವುಗಳಲ್ಲಿ ಬೂದು ಬಣ್ಣದವೂ ಇದ್ದವು, ಕಪ್ಪು ಬಣ್ಣದವೂ ಇದ್ದವು. ಈ ಮಾತನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ತೋಳದ ಸಹಜ ಬಣ್ಣ ಬೂದು. ಹಾಗಾದರೆ ಕಪ್ಪು ಎಲ್ಲಿಂದ ಬಂತು? 2009ರಲ್ಲಿ ವಿಜ್ಞಾನಿಗಳು ತೋಳಗಳ ಮತ್ತು ನಾಯಿಗಳ ಜೀನ್‌ಗಳನ್ನು ಹೋಲಿಸಿ ನೋಡಿ ಹೇಳಿದ ಉತ್ತರ ನನಗಂತೂ ಬಹಳ ಇಷ್ಟ. ಅದು ನಾಯಿಯಿಂದ ಬಂದದ್ದು! ಸಾವಿರಾರು ವರ್ಷಗಳ ಹಿಂದೆ ಅಮೆರಿಕದ ಮೂಲನಿವಾಸಿಗಳ ಜೊತೆಗಿದ್ದ ಸಾಕುನಾಯಿಗಳು ಕಾಡಿನ ತೋಳಗಳೊಂದಿಗೆ ಕೂಡಿ ಮರಿಯಾದಾಗ ಈ ಕಪ್ಪಿನ ಜೀನ್ ತೋಳಗಳ ವಂಶಕ್ಕೆ ಸೇರಿತು. ನಾಯಿ ಹುಟ್ಟಿದ್ದು ತೋಳದಿಂದ. ಆ ಮೊಮ್ಮಗ ಎಷ್ಟೋ ಕಾಲದ ಮೇಲೆ ಅಜ್ಜನ ಮನೆಗೆ ಹೋಗಿ ಒಂದು ಕರಿ ಕಂಬಳಿ ಕೊಟ್ಟು ಬಂದ ಹಾಗಾಯಿತು.

ಈ ಕಂಬಳಿಯ ವಿಶೇಷವೆಂದರೆ ಅದು ಬರೀ ಬಣ್ಣದ್ದಲ್ಲ. ಕೂದಲನ್ನು ಕಪ್ಪು ಮಾಡುವ ಆ ಜೀನ್ ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನುಗಳ ಕುಟುಂಬಕ್ಕೆ ಸೇರಿದ್ದು. ಚರ್ಮದ ಮೇಲೆ, ಉಸಿರಿನ ದಾರಿಯಲ್ಲಿ ರೋಗಾಣುಗಳನ್ನು ತಡೆಯುವುದು ಆ ಕುಟುಂಬದ ಕೆಲಸ. ಒಂದೇ ಗುಮಾಸ್ತ ಎರಡು ಕೌಂಟರು ನೋಡಿಕೊಳ್ಳುತ್ತಾನಲ್ಲ, ಹಾಗೆ.

ಈಗ ರೋಗಕ್ಕೆ ಬರೋಣ. ಮನೆಯಲ್ಲಿ ನಾಯಿ ಸಾಕಿದವರಿಗೆ ಡಿಸ್ಟೆಂಪರ್ ಎಂಬ ಹೆಸರು ಗೊತ್ತಿರುತ್ತದೆ, ಮರಿಗೆ ಚುಚ್ಚುಮದ್ದು ಹಾಕಿಸುವುದು ಅದಕ್ಕೇ. ನಮಗೆ ದಡಾರ ತರುವ ವೈರಸ್ಸಿನ ಹತ್ತಿರದ ನೆಂಟ ಅದು. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಉಸಿರಾಟದ ಕಷ್ಟ, ಕೊನೆಗೆ ಮಿದುಳಿಗೇರಿದರೆ ಫಿಟ್ಸು. ಕಾಡುಪ್ರಾಣಿಗಳಿಗೆ ಚುಚ್ಚುಮದ್ದು ಹಾಕುವವರು ಯಾರು? 2018ರಲ್ಲಿ ನಮ್ಮ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ಯೆಲ್ಲೊಸ್ಟೋನಿಗೆ ಅದು 1999ರಲ್ಲಿ ಬಂತು, ಮತ್ತೆ 2005ರಲ್ಲಿ, ಮತ್ತೆ 2008ರಲ್ಲಿ. 2005ರಲ್ಲಂತೂ ಉದ್ಯಾನದಲ್ಲಿ ಹುಟ್ಟಿದ ಮರಿಗಳಲ್ಲಿ ಮೂರರಲ್ಲಿ ಎರಡು ಪಾಲು ಸತ್ತುಹೋದವು. ಆರು ಮರಿ ಹಾಕಿದ ತಾಯಿಗೆ ಎರಡು ಉಳಿದ ಹಾಗೆ.

ಇಲ್ಲಿ ನಾನು ಮೊಮ್ಮಗಳನ್ನು ನಿಲ್ಲಿಸಿ ಕೇಳಿದೆ: "ಕಪ್ಪು ತೋಳ ಯೆಲ್ಲೊಸ್ಟೋನಿಗೆ ಬಂದದ್ದು ಯಾವಾಗ?"

"ತೊಂಬತ್ತೈದು, ತೊಂಬತ್ತಾರು."

"ರೋಗ?"

"ತೊಂಬತ್ತೊಂಬತ್ತು." ಒಂದು ಕ್ಷಣ ಸುಮ್ಮನಿದ್ದಳು. "ಅಂದರೆ ರೋಗ ಬರೋಕೆ ಮುಂಚೇನೇ ಕಪ್ಪಗಿದ್ವು!"

ಅಷ್ಟೇ. ತಾರೀಖು ನೋಡಿದರೆ ಗೊತ್ತಾಗುತ್ತದೆ. ಯಾವ ತೋಳವೂ ರೋಗಕ್ಕೆ ಹೆದರಿ ಬಣ್ಣ ಬದಲಾಯಿಸಲಿಲ್ಲ. ಬೂದಾಗಿ ಹುಟ್ಟಿದ್ದು ಕಪ್ಪಾಗಲಿಲ್ಲ. (ಕಪ್ಪಾಗಿ ಹುಟ್ಟಿದ್ದು ವಯಸ್ಸಾದ ಮೇಲೆ ನರೆತು ಬೂದಾಗುವುದುಂಟು. ಅದು ನನ್ನ ತಲೆಯ ಕಥೆ, ಬೇರೆ.) ಎರಡು ಬಣ್ಣದವೂ ಮೊದಲೇ ಇದ್ದವು. ರೋಗ ಬಂದು ಹೋದ ಮೇಲೆ ಉಳಿದವು ಯಾರು, ಅವುಗಳಿಗೆ ಎಷ್ಟು ಮರಿ, ಲೆಕ್ಕ ಇರುವುದು ಇಲ್ಲಿ. ಇದಕ್ಕೇ ನೈಸರ್ಗಿಕ ಆಯ್ಕೆ ಎನ್ನುವುದು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಹೆಸರಾಂತ ಪುಸ್ತಕದಲ್ಲಿ ಇದನ್ನು ವಿವರಿಸುವಾಗ ಕೊಟ್ಟ ಒಂದು ಉದಾಹರಣೆಯೂ ತೋಳದ್ದೇ. ಆದರೆ ಅವನದು ಊಹೆಯ ತೋಳ. ನಮ್ಮವು ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿಸಿಕೊಂಡ ನಿಜವಾದ ತೋಳಗಳು.

ಯೆಲ್ಲೊಸ್ಟೋನಿನಲ್ಲಿ ಪ್ರತಿ ಚಳಿಗಾಲದಲ್ಲೂ ಹೆಲಿಕಾಪ್ಟರಿನಿಂದ ಅರಿವಳಿಕೆ ಸೂಜಿ ಹೊಡೆದು ಕೆಲವು ತೋಳಗಳನ್ನು ಮಲಗಿಸಿ, ಪಟ್ಟಿ ಕಟ್ಟಿ, ರಕ್ತ ತೆಗೆದುಕೊಳ್ಳುತ್ತಾರೆ. ಒಮ್ಮೆ ಡಿಸ್ಟೆಂಪರ್ ತಗುಲಿ ಬದುಕಿದ ತೋಳದ ರಕ್ತದಲ್ಲಿ ಅದರ ಪ್ರತಿಕಾಯಗಳು ಇರುತ್ತವೆ, ಪಾಸ್‌ಬುಕ್ಕಿನಲ್ಲಿ ಹಳೆಯ ನಮೂದು ಇದ್ದ ಹಾಗೆ. ಸತ್ತ ತೋಳದ ಪಾಸ್‌ಬುಕ್ ನೋಡಲು ಸಿಗುವುದೇ ಇಲ್ಲ. ಆದ್ದರಿಂದ ನಮೂದು ಇದೆ ಎಂದರೆ ರೋಗವನ್ನು ಗೆದ್ದಿದೆ ಎಂದೇ ಅರ್ಥ. ಸಾರಾ ಕ್ಯುಬೇನ್, ಪೀಟರ್ ಹಡ್ಸನ್, ಯೆಲ್ಲೊಸ್ಟೋನಿನ ಡ್ಯಾನ್ ಸ್ಟಾಹ್ಲರ್ ಮುಂತಾದವರು ಹಲವು ವರ್ಷಗಳ ಈ ಮಾಹಿತಿಯನ್ನೂ ಉತ್ತರ ಅಮೆರಿಕದ ಬೇರೆ ಕಡೆಯ ತೋಳಗಳ ಮಾಹಿತಿಯನ್ನೂ ಕಲೆಹಾಕಿ 2022ರಲ್ಲಿ ಪ್ರಕಟಿಸಿದರು. ಅಂಥ ನಮೂದು ಕಪ್ಪು ತೋಳಗಳಲ್ಲೇ ಹೆಚ್ಚು. ಡಿಸ್ಟೆಂಪರ್ ಓಡಾಡುವ ಕಡೆ ಕಪ್ಪು ತೋಳಗಳು ಹೆಚ್ಚು. ರೋಗದ ಹಾವಳಿಯಿಲ್ಲದ ದೂರದ ಉತ್ತರದಲ್ಲಿ ಕಪ್ಪು ಅಪರೂಪ. ಯೆಲ್ಲೊಸ್ಟೋನಿನಲ್ಲಿ ಸುಮಾರು ಅರ್ಧಕ್ಕರ್ಧ.

"ಕಪ್ಪು ಅಷ್ಟು ಒಳ್ಳೇದಾದ್ರೆ ಎಲ್ಲಾನೂ ಯಾಕೆ ಕಪ್ಪಾಗಲಿಲ್ಲ ತಾತ?"

ಹುಡುಗಿ ಸರಿಯಾದ ಪ್ರಶ್ನೆಗೇ ಬಂದಳು. ಅದಕ್ಕೆ ಅಜ್ಜಿಯ ಚೌಕಾಬಾರದ ಡಬ್ಬಿ ಬೇಕಾಯಿತು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳು ಅದರಲ್ಲಿದ್ದವು. ಪ್ರತಿ ಮರಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಈ ಜೀನಿನ ಎರಡು ಪ್ರತಿ ಸಿಗುತ್ತವೆ. ಎರಡರಲ್ಲಿ ಒಂದೇ ಕಪ್ಪಿನದಾದರೂ ಸಾಕು, ಮರಿ ಕಪ್ಪು. ಎರಡೂ ಬೂದಿನದಾದರೆ ಮಾತ್ರ ಬೂದು. ಕಪ್ಪು ತೋಳವೆಂದರೆ ನಮ್ಮ ಚೌಕಾಬಾರದ ಬೀಜವೇ: ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ಬಿಳಿಯನ್ನು ಬೂದು ಅಂದುಕೊಳ್ಳಿ. ಬೂದು ತೋಳವೆಂದರೆ ಎರಡೂ ಮಗ್ಗುಲು ಉಜ್ಜಿದ ಬೀಜ.

ಅಪ್ಪ ಅಮ್ಮ ಇಬ್ಬರೂ ಕಪ್ಪಾದರೆ? ಎರಡು ಮಾಮೂಲಿ ಬೀಜಗಳನ್ನು ಒಟ್ಟಿಗೆ ಎಸೆಯಿರಿ. ಸರಾಸರಿ ನಾಲ್ಕು ಸಲಕ್ಕೆ ಒಂದು ಸಲ ಎರಡೂ ಕಪ್ಪು ಬೀಳುತ್ತದೆ. ಅನಾಹುತ ಇಲ್ಲೇ. ಎರಡೂ ಪ್ರತಿ ಕಪ್ಪಿನದೇ ಆದ ತೋಳಗಳು ಬಾಳುವುದು ಕಷ್ಟ. ಅಂಥವು ಯೆಲ್ಲೊಸ್ಟೋನಿನಲ್ಲಿ ತೀರ ಅಪರೂಪ. ಒಂದು ಕಂಬಳಿ ರಕ್ಷಣೆ, ಎರಡು ಹೊದ್ದರೆ ಉಸಿರುಕಟ್ಟು. ಅಪ್ಪ ಕಪ್ಪು, ಅಮ್ಮ ಬೂದು ಆದರೆ? ಒಂದು ಮಾಮೂಲಿ ಬೀಜ, ಒಂದು ಪೂರ್ತಿ ಉಜ್ಜಿದ ಬೀಜ. ಎಷ್ಟು ಸಲ ಎಸೆದರೂ ಎರಡೂ ಕಪ್ಪು ಬೀಳುವುದೇ ಇಲ್ಲ. ಹೆಚ್ಚುಕಡಿಮೆ ಅರ್ಧ ಮರಿ ಕಪ್ಪು, ಅರ್ಧ ಬೂದು.

ಈಗ ತಮಾಷೆ ಕೇಳಿ. ಯೆಲ್ಲೊಸ್ಟೋನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೋಡಿಗಳು ಕಪ್ಪು-ಬೂದು ಜೋಡಿಗಳೇ. ರೋಗ ಮತ್ತೆಮತ್ತೆ ಬರುವ ಕಡೆಗಳಲ್ಲಿ ತೋಳ ತನ್ನ ಬಣ್ಣದ್ದಲ್ಲದ ಸಂಗಾತಿಯನ್ನು ಹುಡುಕುತ್ತದೆ. ವರಾನ್ವೇಷಣೆಯ ಜಾಹೀರಾತಿನಲ್ಲಿ ಮೊದಲು ಬಣ್ಣ ಬರೆಯುವ ನಮ್ಮವರು ಇದನ್ನು ಓದಬೇಕು. ಹಾಗಂತ ತೋಳ ಕುಳಿತು ಲೆಕ್ಕ ಹಾಕುವುದಿಲ್ಲ. ಬೇರೆ ಬಣ್ಣದ ಕಡೆ ಒಲವಿದ್ದ ತೋಳಗಳ ಮರಿಗಳು ಹೆಚ್ಚು ಉಳಿದವು, ಆ ಒಲವೂ ಮರಿಗಳ ಜೊತೆಗೇ ಉಳಿಯಿತು. ಇಲ್ಲೂ "ತಪ್ಪಿಸಿಕೊಳ್ಳಲು" ಎಂಬ ಪದಕ್ಕೆ ಜಾಗವಿಲ್ಲ.

ಬೂದು ಬಣ್ಣವೇನೂ ಸೋತ ಪಕ್ಷವಲ್ಲ. ರೋಗವಿಲ್ಲದ ವರ್ಷಗಳಲ್ಲಿ ಮರಿಗಳನ್ನು ಬೆಳೆಸುವುದರಲ್ಲಿ ಬೂದು ತಾಯಂದಿರದೇ ಮೇಲುಗೈ. ಬೇರೆ ಹಿಂಡಿನ ಮೇಲೆ ಜಗಳ ಬಿದ್ದಾಗ ಬೂದು ತೋಳಗಳೇ ಹೆಚ್ಚು ಮುನ್ನುಗ್ಗುತ್ತವೆ ಎಂದೂ ಅಲ್ಲಿ ನೋಡಿದವರು ಬರೆದಿದ್ದಾರೆ. ಒಂದು ವರ್ಷ ಕಪ್ಪಿಗೆ ಜಮಾ, ಇನ್ನೊಂದು ವರ್ಷ ಬೂದಿಗೆ ಜಮಾ. ಖಾತೆ ಯಾವತ್ತೂ ಒಂದೇ ಕಡೆ ವಾಲುವುದಿಲ್ಲ.

"ನಮ್ಮ ಕಡೆ ತೋಳಾನೂ ಕಪ್ಪಗಿರುತ್ತಾ?" ಎಂದು ಕೇಳಿದಳು. ಸಾಮಾನ್ಯವಾಗಿ ಇಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿದೆ. ಆ ಕುರುಚಲು ಬಯಲಿನ ತೋಳ ಒಣಹುಲ್ಲಿನ ಬಣ್ಣದ್ದು, ಮೈ ಸಣ್ಣದು, ತುಪ್ಪಳ ತೆಳು. ಈ ಕರಿ ಕಂಬಳಿಯ ಕಥೆ ಅದರದಲ್ಲ. ಅದರ ಕಥೆ ಇನ್ನೊಂದು ವಾರಕ್ಕಿರಲಿ.

ಚಾರ್ಟಿಗೆ ಕೊನೆಗೆ ಬಿಳಿ ಹಾಳೆಯ ಪಟ್ಟಿಯೊಂದನ್ನು ಅಂಟಿಸಿದಳು. ಅದರ ಮೇಲೆ ಅವಳೇ ಯೋಚಿಸಿ ಬರೆದ ಸಾಲು ಇದು: "ಕಪ್ಪು ತೋಳಗಳು ಮೊದಲೇ ಇದ್ದವು. ರೋಗ ಬಂದಾಗ ಅವುಗಳಲ್ಲಿ ಹೆಚ್ಚು ಉಳಿದವು." ನಾನಾಗಿದ್ದರೆ ಇಷ್ಟು ಚಿಕ್ಕದಾಗಿ ಬರೆಯುತ್ತಿರಲಿಲ್ಲ. ಪಟ್ಟಿ ಸ್ವಲ್ಪ ಸೊಟ್ಟಗಾಗಿತ್ತು, ಅಂಚಿನಲ್ಲಿ ಕೆಂಪು ಅಕ್ಷರದ ಬಾಲ ಇಣುಕುತ್ತಿತ್ತು. ಪ್ರದರ್ಶನಕ್ಕೆ ಚಾರ್ಟಿನ ಜೊತೆ ಹುಣಸೆ ಬೀಜಗಳೂ ಹೋದವು. ವಾಪಸ್ಸು ಬಂದಾಗ ಎರಡು ಕಡಿಮೆ. ಅವಳಜ್ಜಿ ಅದನ್ನು ನನ್ನ ಖಾತೆಗೇ ಬರೆದಿದ್ದಾಳೆ.

ನೀವೂ ಮಾಡಿ ನೋಡಿ. ಅಜ್ಜಿ ತಾತನನ್ನೇ ಕೂರಿಸಿಕೊಂಡು ಮಾಮೂಲಿ ಬೀಜ ಎರಡನ್ನು ನೂರು ಸಲ ಎಸೆಯಿರಿ. ಎರಡೂ ಕಪ್ಪು ಎಷ್ಟು, ಒಂದು ಕಪ್ಪು ಎಷ್ಟು, ಎರಡೂ ಬಿಳಿ ಎಷ್ಟು ಎಂದು ಗೀಟು ಹಾಕುತ್ತಾ ಹೋಗಿ. ಸರಿಯಾಗಿ ಇಪ್ಪತ್ತೈದು, ಐವತ್ತು, ಇಪ್ಪತ್ತೈದು ಬರಲಿಲ್ಲವೆಂದು ತಿದ್ದಬೇಡಿ. ಬಂದದ್ದನ್ನು ಬಂದ ಹಾಗೇ ಬರೆದು ಕಳಿಸಿ.